ಮೂರು ನಿದ್ದೀ ಔಷಧ, ಒಂದು ಹೊರಸು

ಮೊನ್ನೆ ಐತವಾರ ನನಗ ಮೊಮ್ಮಗಳು ಹುಟ್ಯಾಳ. ಇದನ್ನ ಮೊದಲ ಹೇಳಿಬಿಡ್ತೇನಿ, ಇಲ್ಲಂದ್ರ ಮುಂದಿನದು ಬರೆಯಾಕ ಕೈ ಏಳೂದಿಲ್ಲ. ನಮ್ಮ ಮನ್ಯಾಗ ಎರಡು ತಲಿಮಾರಿನಿಂದ ಬರೇ ಗಂಡುಮಕ್ಕಳು. ಈಗ ಹೆಣ್ಣು ಬಂತು. ಮೂಗು ನನ್ನಂಗ ಐತಿ ಅಂತ ನಾನು ಅಂತೇನಿ, ಪುಣ್ಯಾಕ್ಕ ಇಲ್ಲ ಅಂತ ಮನಿ ಮಂದೆಲ್ಲ ಅಂತಾರ. ಹಾಲಿನವನಿಗೆ ಎರಡು ಸಲ ಪೇಢೆ ಕೊಟ್ಟೆ. ಕರೆಂಟಿನ ಬಿಲ್ಲು ತಂದವನಿಗೆ ಕೊಟ್ಟೆ. ಯಾರದೋ ಮನಿ ಹುಡುಕಿಕೊಂಡು ತಪ್ಪಿ ನಮ್ಮ ಬಾಗಿಲಕ್ಕ ಬಂದವನೊಬ್ಬನಿಗೆ ಕೂಡ್ರಿಸಿ ಕೊಟ್ಟೆ, ಕೂಸಿನ ಮುಖಾನೂ ತೋರಿಸಿ ಕಳಸಿದೆ.

ಆದ್ರ ಈ ಕೂಸು ಯಾರನ್ನೂ ಮಲಗಗೊಡೂದಿಲ್ಲ. ಅದರ ಅಪ್ಪ, ಅಂದ್ರ ನನ್ನ ಮಗ, ಕಣ್ಣು ಕೆಂಪಗ ಮಾಡಿಕೊಂಡು ಚಹಾದ ಕಪ್ಪಿನ್ಯಾಗ ಬಿಸ್ಕೀಟಿನ ಬದಲಿ ಬೆರಳು ಅದ್ದಿದ. "ಅಪ್ಪಾ, ಒಂದು ನಿದ್ದೀ ಗುಳಿಗಿ ತಗೋಬೇಕಂತ ಮಾಡೇನಿ. ಯಾವುದು ಚಲೋ, ನಿನಗೇನರ ಗೊತ್ತೈತೇನು?" ಅಂತ ಚ್ಯಾಷ್ಟಿ ಮಾಡಿದ. ನಾನು ಹೊಟ್ಟಿ ಹಿಡಕೊಂಡು ನಕ್ಕೆ. ಮಗನ, ನನಗ ಗೊತ್ತಿಲ್ಲದ ಬ್ಯಾರೆ ಯಾರಿಗೆ ಗೊತ್ತು? ಮೂರು ನಮೂನಿ ತಿಂದು ನೋಡಿದವ ನಿನ್ನ ಅಪ್ಪ. ಯಾವುದು ಹೆಂಗ ಮಲಗಸ್ತೈತಿ, ಯಾವುದು ಹೆಂಗ ಎಬ್ಬಸೂದಿಲ್ಲ, ಯಾವುದು ಬೆನ್ನು ಹತ್ತಿದ್ರ ಬಿಡೂದಿಲ್ಲ, ಎಲ್ಲಾ ನನ್ನ ಮೈಮ್ಯಾಲೆ ಆಗಿದ್ದು. ಬಾಯಿಲೆ ಹೇಳಾಕ ಹೋದ್ರ ನಡುವ ಕೂಸು ಅಳ್ತೈತಿ. ಅದಕ್ಕ ಬರದ ಇಡ್ತೇನಿ. ಕಲಿತದ್ದು ಮೂರನೇ ಇಯತ್ತೆ, ಅಕ್ಷರ ತಪ್ಪಿದ್ರ ತಿದ್ದಿಕೊಂಡು ಓದ್ರಿ.

ಅರವತ್ತನೇ ಇಸ್ವಿ ದಾಟಿ ಎರಡೋ ಮೂರೋ ವರ್ಷ ಆಗಿರಬೇಕು, ಗೋವಾ ಆಗಷ್ಟ ನಮ್ಮದಾಗಿತ್ತು. ನಾನು ಧಾರವಾಡ ಕಡಿಂದ ದಾಂಡೇಲಿಗೆ ಬಂದು ಪೇಪರ್ ಮಿಲ್ಲಿನ್ಯಾಗ ಬದ್ಲಿ ಕಾಮಗಾರ ಆಗಿದ್ದೆ. ಬದ್ಲಿ ಅಂದ್ರ ಖಾಯಂ ಮನಿಷಾ ಬರದಿದ್ದ ದಿನ ಅವನ ಜಾಗಾದಾಗ ನಿಲ್ಲಾಂವ. ಆರು ತಿಂಗಳ ಹಿಂಗ ದುಡದ ಮ್ಯಾಲೆ ದೊಡ್ಡ ಸಾಹೇಬ್ರು ಒಂದು ದಿನ ಬಂದು, ನಮ್ಮ ಬೆನ್ನಹಿಂದ ನಿಂತು ಕೆಲಸಾ ನೋಡ್ತಿದ್ರು. ಮನಸ್ಸಿಗೆ ಬಂತಂದ್ರ ಖಾಯಂ.

ಖಾಯಂ ಆಗೂದು ಮಂದಿಗೆ ಹೊಟ್ಟೀ ಮಾತು. ನನಗ ಹೆಂಡತಿ ಮಾತು. ಮದಿವಿ ಆಗಿ ಒಂಬತ್ತು ತಿಂಗಳಾಗಿತ್ತು, ಹೆಂಡತಿ ಇನ್ನೂ ಮುಂಡಗೋಡದ ಆಚೆ ಅತ್ತಿವೇರಿ ಕಡೆ ತನ್ನ ಅಪ್ಪನ ಮನ್ಯಾಗ ಇದ್ದಳು. ಅಕ್ಷತಾ ಬಿದ್ದ ದಿನ ಬಾಸಿಂಗದ ಸಂದಿನ್ಯಾಗ ಅರ್ಧ ಮುಖಾ ನೋಡಿದ್ದೆ, ಅಷ್ಟ. ಉಳದ ಅರ್ಧ ಹೆಂಗೈತಿ ಅಂತ ಒಂಬತ್ತು ತಿಂಗಳ ವಿಚಾರ ಮಾಡಿದ್ದೆ. ಕರಕೊಂಡು ಬರಾಕ ಹೋದ್ರ ಮಾವನವರು ಅಡಕಿ ಕತ್ತರಿಸಿಕೋತ ಅಂದ್ರು:

"ಅಳ್ಯಾರ, ಬದ್ಲಿ ಅಂದ್ರ ಏನ್ರಿ? ಇವತ್ತು ಐತಿ, ನಾಳೆ ಇಲ್ಲ. ಹಂಗಂತ ನನ್ನ ಮಗಳೂ ಇವತ್ತು ಉಂಡು ನಾಳೆ ಉಪಾಸ ಇರಾಕ ಬರೂದಿಲ್ಲ. ಖಾಯಂ ಆದ ಕಾಗದಾ ತಂದು ತೋರಸ್ರಿ, ಟ್ರಂಕಿನ ಸಮೇತ ಕಳಸ್ತೇನಿ."

ಅಲ್ಲಿಂದ ಸುರು ಆತು ನನ್ನ ಎದಿ ಬಡಕೊಳ್ಳೂದು. ನನ್ನ ಕೆಲಸ ಏನಂದ್ರ, ಮಶಿನಿನ ಮ್ಯಾಲೆ ಓಡೂ ಕಾಗದದ ಹಾಳಿ ನಡುವ ಹರೀತಂದ್ರ, ಹರದ ತುದಿ ಕೈಲೆ ಹಿಡದು ಬಿಸಿ ರೋಲರಿನ ಸಂದಿಗೆ ಕೊಡಬೇಕು. ರೋಲರು ಅದನ್ನ ಎಳಕೊಂಡು ಹೋಗ್ತಾವು. ತಡಾ ಮಾಡಿದ್ರ ಹಾಳಿ ಕಾಲ ಬುಡಕ ಗುಡ್ಡದಂಗ ಬೀಳ್ತೈತಿ, ಅವಸರಾ ಮಾಡಿ ಕೈ ಬಿಡೂದು ಮರತ್ರ ಬೆರಳೂ ಕಾಗದದ ಜೋಡಿ ಹೋಗ್ತಾವು. ಇಂಥಾ ಕಡೆ ನಿಂತವನಿಗೆ ಕಣ್ಣಾಗ ನಿದ್ದಿ ಇರಬಾರದು. ನನಗೋ, ಮಲಗಿದ್ರ ಕಣ್ಣಿಗೆ ನಿದ್ದೀನ ಇಲ್ಲ. ಸಾಹೇಬ್ರ ಬೂಟು, ಮಾವನವರ ಅಡಕೊತ್ತು, ಹರಿಯೂ ಹಾಳಿ, ಇವ ಮೂರು ಕಣ್ಣಮುಂದ.

ಮಲಗೂ ಜಾಗಾನೂ ಹಂಗ ಇತ್ತು. ಖೋಲಿ ಒಂದು, ಇರಾವ್ರು ಮೂವರು, ಹೊರಸು ಒಂದು. ನಮ್ಮ ಪಾಳಿ ಬ್ಯಾರೆ ಬ್ಯಾರೆ. ಮಿಲ್ಲಿನಿಂದ ಬಂದಾಂವ ಹೊರಸಿನ ಮ್ಯಾಲೆ ಬೀಳಬೇಕು, ಎಂಟು ತಾಸಿಗೆ ಮುಂದಿನಾಂವ ಬಂದು ಅವನ್ನ ಎಬ್ಬಸಬೇಕು. ಹಾಸಿಗಿ ಆರಿದ್ದನ್ನ ನಾವು ಯಾರೂ ನೋಡಿದ್ದಿಲ್ಲ. ಒಬ್ಬರು ಹಳಿಯಾಳದ ಸಾಬರು, ಮಿಲ್ಲಿನ್ಯಾಗ ಫಿಟ್ಟರ್, ವಯಸ್ಸಾದವರು, ನಾನು ಚಾಚಾ ಅಂತಿದ್ದೆ. ಇನ್ನೊಬ್ಬಾಂವ ಜೋಯಿಡಾ ಕಡಿಯಾಂವ, ಮಿಲ್ಲಿನ ಬಿದಿರಿನ ಅಡ್ಡೇದಾಗ ಹೊರೆ ಹೊರಾಂವ. ಅವನಿಗೆ ಔಷಧಾ ಬ್ಯಾಡ, ಹಾಸಿಗಿ ಬ್ಯಾಡ. ಕೂತ್ರ ನಿದ್ದಿ. ಉಣ್ಣೂವಾಗ ನಿದ್ದಿ. ಅವನ್ನ ನೋಡಿದ್ರ ನನಗ ಹೊಟ್ಟಿಕಿಚ್ಚಿಗೆ ಇನ್ನಷ್ಟು ನಿದ್ದಿ ಹಾರ್ತಿತ್ತು.

ನನಗ ಬಹಳ ಮಾಡಿ ರಾತ್ರಿ ಪಾಳಿ ಸಿಗ್ತಿತ್ತು. ಖಾಯಂ ಮಂದಿ ಚಕ್ಕರ್ ಹಾಕೂದು ರಾತ್ರೀಗೇನ. ಹಂಗಾಗಿ ನಾನು ನಿದ್ದಿ ಹುಡುಕಬೇಕಾದದ್ದು ಹಗಲಿನ್ಯಾಗ, ತಗಡಿನ ಸೂರಿನ ಕೆಳಗ, ಹೊರಗ ಹೆಣ್ಣುಮಕ್ಕಳು ಕೊಡಾ ಬಡಕೊಂಡು ನಳದ ಮುಂದ ಜಗಳಾಡೂ ಹೊತ್ತಿನ್ಯಾಗ.

ಒಂದು ಸೂಟಿ ದಿನ ಹಳಿಯಾಳ ಸಂತಿಗೆ ಹೋಗಿದ್ದೆ. ಅಲ್ಲಿ ಒಬ್ಬ ಕಂಪೌಂಡರ್ ಇದ್ದ, ಬಾಟಲಿ ಔಷಧಾ ಕಲಸಿ ಕೊಡ್ತಿದ್ದ. ನನ್ನ ಕಥಿ ಕೇಳಿ ಕೆಂಪನ್ನ ನೀರು ಬಾಟಲಿಗೆ ತುಂಬಿ, ಅದರ ಹೊಟ್ಟಿಗೆ ಗರಗಸದ ಹಲ್ಲಿನಂಗ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ಒಂದು ಹಲ್ಲಿಗೆ ಒಂದು ಡೋಸು.

"ದಿನಕ್ಕ ಮೂರು ಸಲ. ಮನ್ಯಾಗ ಗಡಿಯಾರ ಐತೇನು?" ಅಂದ.

"ಇಲ್ರಿ."

"ಮಿಲ್ಲಿನ ಭೋಂಗಾ ಕೂಗೂದು ಕೇಳಸ್ತೈತಿಲ್ಲೋ?"

"ಸತ್ತವರಿಗೂ ಕೇಳಸ್ತೈತ್ರಿ."

"ಮತ್ತೇನು? ಪಾಳಿ ಮೂರು, ಭೋಂಗಾ ಮೂರು. ಭೋಂಗಾಕ್ಕೊಂದು ಡೋಸು ಕುಡದುಬಿಡು."

ಹಳಿಯಾಳದಾಗ ಮಿಲ್ಲಿಲ್ಲ, ಅವನಿಗೇನು ಗೊತ್ತು? ಭೋಂಗಾ ಪಾಳಿ ಸುರು ಆಗೂ ಅರ್ಧ ತಾಸು ಮೊದಲ ಒಂದು ಕೂಗ್ತೈತಿ, 'ಏಳ್ರಿ' ಅಂತ. ಸುರು ಆದಾಗ ಇನ್ನೊಂದು, 'ಬಾಗಲಾ ಹಾಕಿದ್ವಿ' ಅಂತ. ಮೂರು ಪಾಳಿಗೆ ಆರು. ನನಗ ಇದು ಚಲೋ ಗೊತ್ತಿತ್ತು. ಆದ್ರ ಕಲಿತ ಮನಿಷಾ ಭೋಂಗಾಕ್ಕೊಂದು ಅಂದಾನ, ನಾನು ಮೂರನೇ ಇಯತ್ತೆಯವ ಎದುರು ಮಾತಾಡೂದು ಹೆಂಗ? ಆರೂ ಭೋಂಗಾಕ್ಕ ಆರು ಡೋಸು ಕುಡದೆ. ಮಲಗಿದ್ದವ ಭೋಂಗಾ ಕೇಳಿ ಎದ್ದು ಕುಂದ್ರೂದು, ನಿದ್ದೀ ಔಷಧಾ ಕುಡಿಯೂದು, ಮತ್ತ ಮಲಗೂದು. ಮಿಲ್ಲಿನ ಒಳಗಿದ್ರ ಅಂಗಿ ಕಿಸೆದಾಗ ಬಾಟಲಿ.

ಉಪ್ಪುಪ್ಪು ರುಚಿ. ಮೊದಲೆರಡು ದಿನ ಏನೂ ಅನಿಸಲಿಲ್ಲ. ಇದು ಮೈಯಾಗ ಕೂಡಿಕೋತ ಹೋಗೂ ಔಷಧ, ಇವತ್ತಿಂದು ಇಳಿಯೂದರೊಳಗ ನಾಳಿಂದು ಬರ್ತೈತಿ ಅಂತ ಆಮ್ಯಾಲೆ ತಿಳೀತು. ನಾಕನೇ ದಿನಕ್ಕ ನಿದ್ದಿ ಬಂತು, ಆದ್ರ ಹೋಗಲೇ ಇಲ್ಲ. ನಡಕೋತ ನಿದ್ದಿ, ಮಾತಾಡಿಕೋತ ನಿದ್ದಿ. ನಾಲಗಿ ಹತ್ತಿ ತುಂಬಿದ ದಿಂಬಾತು. ಮಾರಿ ತುಂಬ ಗುಳ್ಳಿ ಎದ್ದುವು. ಆರನೇ ದಿನ ರಾತ್ರಿ ಬಿಟ್ಟು ಚಾಚಾನ ಪಾಳಿಗೇ ಬದ್ಲಿ ಸಿಕ್ಕಿತ್ತು. ಮಿಲ್ಲಿನ್ಯಾಗ ನೆಲಾ ತೊಳಿಯಾಕ ನೀರಿನ ಪೈಪು ಹಿಡದು ನಿಂತವ, ನಿಂತಂಗ ಮಲಗಿದೆ. ನೀರು ಸೀದಾ ಫೋರ್ಮನ್ ಸಾಹೇಬ್ರ ಬೂಟಿನ್ಯಾಗ ತುಂಬಾಕ ಹತ್ತಿತ್ತು.

ಅವರು ನನ್ನ ಮಾರಿ ಹತ್ತರ ಮೂಗು ತಂದ್ರು. "ಏ, ಕುಡದ ಬಂದೀಯೇನಲೇ?"

ಸುಳ್ಳು ಹೇಳೂ ಚಾಳಿ ನನಗಿದ್ದಿಲ್ಲ. "ಹೌದ್ರಿ," ಅಂದೆ.

"ಎಷ್ಟು ಕುಡದಿ?"

"ಇವತ್ತಿಂದು ನಾಕಾತ್ರಿ. ಇನ್ನೆರಡು ಅದಾವು."

ಮಗ್ಗಲದ ಮಶಿನು ರಿಪೇರಿ ಮಾಡಾಕ ಹತ್ತಿದ್ದ ಚಾಚಾ ಸ್ಪ್ಯಾನರ್ ಬಿಟ್ಟು ಓಡಿ ಬಂದ್ರು, ಇಲ್ಲಂದ್ರ ನನ್ನ ಹೆಸರು ಅವತ್ತ ಬದ್ಲಿ ಪಟ್ಟಿನ್ಯಾಗಿಂದ ಹೋಗ್ತಿತ್ತು. "ಸಾಬ್, ಶರಾಬ ಅಲ್ಲ, ಇದು ದವಾ!" ಅಂತ ನನ್ನ ಕಿಸೆಯಿಂದ ಬಾಟಲಿ ತಗದು ತೋರಿಸಿದ್ರು. ಫೋರ್ಮನ್ ಸಾಹೇಬ್ರು ಬೂಟು ಬಗ್ಗಿಸಿ ನೀರು ಚೆಲ್ಲಿ, "ಇದ ಕಡೀ ಸಲ," ಅಂದ್ರು.

ಹೊರಗ ಬಂದ ಮ್ಯಾಲೆ ಚಾಚಾ ತಲಿ ತಲಿ ಬಡಕೊಂಡ್ರು. "ಅರೇ ಬೇಟಾ, ಭೋಂಗಾ ದಿನಕ್ಕ ಆರು ಆಗ್ತಾವಲ್ಲೋ!"

"ಗೊತ್ತೈತಿ ಚಾಚಾ. ಅದಕ್ಕ ಆರು ಕುಡದೆ."

ಅವರು ಆ ಬಾಟಲಿ ಗಟಾರಕ್ಕ ಸುರವಿ, ನನ್ನ ಕೈ ಹಿಡದು ಮಿಲ್ಲಿನ ದವಾಖಾನಿಗೆ ಕರಕೊಂಡು ಹೋದ್ರು. ಅಲ್ಲಿನ ಡಾಕ್ಟರು ಭಾಳ ಚಲೋ ಮನಿಷಾ. ಮೊದಲ ಒಂದು ವಾರ ಬರೇ ನೀರು, ಮಜ್ಜಿಗಿ ಕುಡಿ ಅಂದ್ರು, ಮೈಯಾಗ ಕೂಡಿದ್ದು ಇಳೀಲಿ ಅಂತ. ಆಮ್ಯಾಲೆ ಸಾಬೂದಾಣಿಗಿಂತ ಒಂದೀಟು ದೊಡ್ಡದು, ಬೆಳ್ಳನ್ನ ಗುಳಿಗಿ ಕೊಟ್ರು. ಫಿನೋ ಅಂತ ಸುರು ಆಗೂ ಉದ್ದನ್ನ ಹೆಸರು. "ಮಲಗೂವಾಗ ಒಂದು. ಎರಡಲ್ಲ. ಹದಿನೈದು ದಿನ ಅಷ್ಟ. ಆಮ್ಯಾಲೆ ನನಗ ಬಂದು ಮಾರಿ ತೋರಸು," ಅಂದ್ರು.

(ತಡೀರಿ, ಕೂಸು ಎದ್ದಂಗಾತು. ನೋಡಿ ಬರ್ತೇನಿ.

ಎದ್ದಿದ್ದಿಲ್ಲ. ನಾನು ತೊಟ್ಟಲದಾಗ ಬಗ್ಗಿ ನೋಡಿದ್ದಕ್ಕ ಎದ್ದೈತಿ. ಸೊಸಿ ನನ್ನ ಕಡೆ ನೋಡಿದ ನೋಟ ಬರದ್ರ ಒಂದು ಪುಸ್ತಕ ಆದೀತು. ನಕ್ಕಿತ್ರಿ ಕೂಸು! ಗಾಳಿಗೆ ನಗ್ತಾವು ಅಂತಾಳ ಸೊಸಿ. ಇರಲಿ, ನನ್ನ ಮಾರಿ ನೋಡೇ ಗಾಳಿ ಬಂದಿರಬೇಕು.)

ಬಿಳಿ ಗುಳಿಗಿ ವಿಷಯ. ನಿದ್ದಿ ಮಟ್ಟಿಗೆ ಹೇಳೂದಾದ್ರ ಅದಕ್ಕ ಜೋಡಿಲ್ಲ. ನುಂಗಿ ನೂರರ ತನಕ ಎಣಸೂದರೊಳಗ ಖಲ್ಲಾಸ್. ಕನಸಿಲ್ಲ, ಮಗ್ಗಲು ಬದಲಸೂದಿಲ್ಲ. ಬಾವ್ಯಾಗ ಕಲ್ಲು ಬಿದ್ದಂಗ. ಆದ್ರ ಹೊರಸು ನನ್ನೊಬ್ಬನದಾಗಿದ್ರ ಚಿಂತಿ ಇದ್ದಿಲ್ಲ. ಮಧ್ಯಾಹ್ನ ಎರಡಕ್ಕ ಜೋಯಿಡಾದಾಂವ ಬಿದಿರು ಹೊತ್ತು ಹೊತ್ತು ಸೋತು ಬಂದು ಎಬ್ಬಸ್ತಿದ್ದ. "ಉಠ್ ರೇ, ಉಠ್!" ಅಂತ ಕೂಗ್ಯಾನ, ನೀರು ಹೊಡದಾನ, ಕಾಲು ಎಳದಾನ. ನಾನು ಏಳಲಿಲ್ಲ. ಅವನೂ ಎಷ್ಟು ಹೊತ್ತು ನಿಂತಾನು? ಬಿದಿರಿನ ಹೊರೆ ಹೊರಾಂವಗ ನಾನೇನು ಭಾರ? ಕೌದಿ ಸಮೇತ ಸುತ್ತಿ ಹೆಗಲಿಗೇರಿಸಿ, ಅಂಗಳದಾಗ ಒಣಹಾಕಿದ ಬಟ್ಟಿ ಕೆಳಗ ಇಟ್ಟು, ಬಂದು ಮಲಗಿದ. ನಾನು ಕಣ್ಣು ತಗದಾಗ ಮ್ಯಾಲೆ ಯಾರದೋ ಹಸೂರ ಸೀರಿ ಹಾರಾಡ್ತಿತ್ತು, ಮಗ್ಗಲಾಗ ಒಂದು ಆಡು ಕೌದಿ ಅಂಚು ಮೇಯ್ತಿತ್ತು, ನಳದ ಮುಂದ ನಿಂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡಿದ್ರು.

"ಏನಣ್ಣಾ, ಹೊಳ್ಳಿ ಬಂದಿ? ನಾವು ಹಾರಾ ತರೂದರಾಗ ಇದ್ವಿ," ಅಂದಳು ಒಬ್ಬಾಕಿ.

ಆಮ್ಯಾಲೆ ಅದ ರೂಢಿ ಆತು. ದಿನಾ ಹೊರಸಿನ ಮ್ಯಾಲೆ ಮಲಗೂದು, ಅಂಗಳದಾಗ ಏಳೂದು.

ಎದ್ದ ಮ್ಯಾಲೂ ತಲಿ ಹಸಿ ಅರಿವಿ ಹಿಂಡದ ಇಟ್ಟಂಗ ಭಾರ. ಸಂಜಿ ತನಕ ಕಾಲು ಕೆಸರಾಗಿಂದ ಕಿತ್ತಂಗ. ಹದಿನೈದು ದಿನಾ ಮುಗೀತು. ಡಾಕ್ಟರಿಗೆ ಮಾರಿ ತೋರಸೂ ಬದಲಿ ನಾನು ಹಳಿಯಾಳಕ್ಕ ಹೋಗಿ ಅದ ಕಂಪೌಂಡರನ ಕಡಿಂದ ಅಂಥಾವ ಇನ್ನಷ್ಟು ಗುಳಿಗಿ ತಂದೆ. ಒಂದು ತಗೊಂಡ್ರ ಮೊದಲಿನಂಗ ಬಾವ್ಯಾಗ ಬೀಳೂದು ನಿಂತಿತ್ತು, ದಂಡಿ ಮ್ಯಾಲೇ ಕುಂತಂಗ ಆಗ್ತಿತ್ತು. ಒಂದೂವರಿ ತಗೊಂಡೆ. ಆಮ್ಯಾಲೆ ಎರಡು. ಒಂದಿನ ಡಬ್ಬಿ ಸಿಗಲಿಲ್ಲ ಅಂತ ಖೋಲೀ ತುಂಬ ತಲಿ ಕೆಳಗ ಮಾಡಿ ಹುಡುಕಿದೆ, ಚಾಚಾನ ಟ್ರಂಕಿಗೂ ಕೈ ಹಾಕಿದೆ. ಡಬ್ಬಿ ನನ್ನ ಕಿಸೆದಾಗ ಇತ್ತು. ಚಾಚಾ ಬಾಗಲದಾಗ ನಿಂತು ನೋಡಿದ್ರು. ಬಂದು ಚೆಲ್ಲಿದ ಅರಿವಿ ಮಡಚಿ ಟ್ರಂಕಿನ್ಯಾಗ ಇಟ್ಟುಕೊಂಡ್ರು. ಅವರು ಬೈದಿದ್ರ ಚಲೋ ಇತ್ತು.

ಅಷ್ಟರಾಗ ಆರು ತಿಂಗಳ ತುಂಬಿ, ಸಾಹೇಬ್ರು ನೋಡಾಕ ಬರೂ ದಿನಾ ಹತ್ತರ ಬಂತು. ನನ್ನ ಎದಿ ಮತ್ತ ಡೊಳ್ಳು. ಚಾಚಾಗ ಕರುಳು ಚುರ್ ಅಂದಿರಬೇಕು. ಅವರ ಅಳಿಯ ಒಬ್ಬ ಮುಂಡಗೋಡದಾಗ ಲಾರಿ ಮೆಕ್ಯಾನಿಕ್, ಮುಂಬೈಗೆ ಹೋಗಿಬರೂ ಡ್ರೈವರ್ ಕಡಿಂದ ಹೊಸಾ ಔಷಧಾ ತರಿಸಿದ್ದ. ಅರ್ಧ ಹಸೂರು, ಅರ್ಧ ಕರಿ ಬಣ್ಣದ ಡಬ್ಬಿಯಂಥಾ ಗುಳಿಗಿ, ಒಳಗ ಪುಡಿ.

"ದೊಡ್ಡ ದೊಡ್ಡ ಸಾಬ್ ಲೋಗ್ ತಿಂತಾರಂತ ಬೇಟಾ," ಅಂದ್ರು ಚಾಚಾ. "ನಿದ್ದಿ ಬರಸೂದಿಲ್ಲ, ಬರೇ ಹೆದರಿಕಿ ತಗೀತೈತಿ. ಚಟಾನೂ ಹತ್ತೂದಿಲ್ಲಂತ. ಆ ಬಿಳೀದು ಬಿಟ್ಟು ಇದು ತಗೋ."

ಡಾಕ್ಟರನ್ನ ಕೇಳೂ ಬುದ್ಧಿ ಇಬ್ಬರಿಗೂ ಹೊಳೀಲಿಲ್ಲ. ನಮ್ಮ ಖೋಲಿನ್ಯಾಗ ಎಣ್ಣಿ, ಸಾಬೂನು, ಬೀಡಿ ಎಲ್ಲಾ ಕೊಟ್ಟು ತಗೊಳ್ಳೂದು ಇತ್ತು. ಗುಳಿಗೀನೂ ಹಂಗ ಅಂತ ತಿಳದ್ವಿ. ಮೂರ್ನಾಕು ದಿನ ಹಗಲು ಬಿಳೀದನ್ನೂ ಬಿಡದ, ಇದನ್ನೂ ತಗೊಂಡೆ. ಎಂಥಾ ಮಾತು ಹೇಳಲಿ! ಎದಿ ಬಡಿತ ನಿಂತು, ಎದಿ ಐತೋ ಇಲ್ಲೋ ಅನ್ನೂವಂಗಾತು. ಕಾಳಿ ಹೊಳಿ ನೋಡಿದ್ರ ಖುಷಿ, ಗಟಾರ ನೋಡಿದ್ರೂ ಖುಷಿ. ಜಗತ್ತಿನ್ಯಾಗ ಕೆಟ್ಟ ಮಂದೀನ ಇಲ್ಲ. ಮಾವನವರೂ ಪಾಪ ಚಲೋ ಮನಿಷಾ.

ಸಾಹೇಬ್ರು ಬಂದ್ರು, ಬೆನ್ನಹಿಂದ ನಿಂತ್ರು. ನಾನು ಹಿಂದ ಹೊಳ್ಳಿ, ಬೀಗರು ಬಂದಂಗ ನಕ್ಕು, "ಬರ್ರಿ ಸಾಹೇಬ್ರ, ಹಿಂಗ ಬರ್ರಿ, ಅಲ್ಲಿ ಝಳಾ ಬಡೀತೈತಿ," ಅಂದೆ. ಫೋರ್ಮನ್ ಮಾರಿ ಬೂದಿ ಆತು. ಆವಾಗ ಹಾಳಿ ಹರೀತು, ಪಟ್ ಅಂತ. ಉಳದವ್ರೆಲ್ಲ ಓಡಿದ್ರು. ನಾನು ಟೊಪಗಿ ಸರಿ ಮಾಡಿಕೊಂಡೆ. ತೋಳು ಮಡಚಿಕೊಂಡೆ, ಮೊದಲ ಬಲಗೈದು, ಆಮ್ಯಾಲೆ ಎಡಗೈದು. ಊಟಾ ಆದ ಮ್ಯಾಲೆ ಅಂಗಳದಾಗ ಅಡ್ಡಾಡೂವಂಗ ಹೋದೆ. ಅಷ್ಟರಾಗ ಕಾಗದ ಮೊಣಕಾಲ ಮಟಾ ಬಂದಿತ್ತು.

"ಅವಸರಾ ಇಲ್ಲೇನು?" ಅಂತ ಒದರಿದ್ರು ಸಾಹೇಬ್ರು.

"ಅವಸರಾ ಯಾತಕ್ರಿ ಸಾಹೇಬ್ರ?" ಅಂದೆ ನಾನು, ಸಮಾಧಾನ ಹೇಳೂವಂಗ. "ಕಾಗದಾ ಎಲ್ಲಿಗೆ ಹೊಂಟೈತಿ?"

ನಡು ಮಟಾ ಬಂದಿದ್ದ ಕಾಗದದಾಗಿಂದ ಇಬ್ಬರು ನನ್ನ ತೋಳು ಹಿಡದು ಎಳದ್ರು. ಮಶಿನು ನಿಲ್ಲಿಸಿದ್ರು. ಸಾಹೇಬ್ರು ನನ್ನ ಹೆಸರಿನ ಮುಂದ ಒಂದು ಗೆರಿ ಹೊಡದು ಹೋದ್ರು, ಅಂದ್ರ ಈ ಸಲ ಇಲ್ಲ, ಮತ್ತ ನೋಡೂದು ಹೋಳಿಹುಣ್ಣಿವಿ ಹತ್ತರ. ತಮಾಷೆ ಅಂದ್ರ, ಅವತ್ತು ನನಗ ಒಂದೀಟೂ ದುಃಖ ಆಗಲಿಲ್ಲ. ದುಃಖ ಆಗಿದ್ದು ಎರಡು ದಿನದ ಮ್ಯಾಲೆ.

ಸುದ್ದಿ ಹೆಂಗ ಮುಟ್ಟಿತೋ, ಮಾವನವರ ಕಾಗದ ಬಂತು. ಯಾರ ಕಡಿಂದೋ ಬರಸಿದ್ರು. 'ಹೋಳಿಹುಣ್ಣಿವಿ ತನಕಾ ನೋಡ್ತೇನಿ. ಆವಾಗಲೂ ಖಾಯಂ ಆಗಲಿಲ್ಲಂದ್ರ ಅಳಿಯಂದಿರು ಇಲ್ಲಿಗೇ ಬರಬೇಕು. ನನ್ನವು ಎಂಟು ಎಮ್ಮಿ ಅದಾವು, ಕಾಯಾಕ ಮನಿಷಾ ಬೇಕಾಗ್ಯಾನ. ಅದು ಖಾಯಂ ಕೆಲಸ.'

ಇದನ್ನ ಚಾಚಾ ನನ್ನ ಕಡಿಂದ ಓದಿಸಿಕೊಂಡು ಕೇಳಿ, ನಗಬೇಕಂತ ಮಾಡಿ ನಗಲಿಲ್ಲ. ನನಗ ಸಿಟ್ಟು ಬಂತು. ಬಿಳೀವು, ಬಣ್ಣದವು, ಇದ್ದಬಿದ್ದವನ್ನೆಲ್ಲ ಒಂದು ಚಿಂದಿನ್ಯಾಗ ಕಟ್ಟಿ ಪೆಟಿಗಿ ತಳಕ್ಕ ಒಗದು, 'ಇವತ್ತಿನಿಂದ ಮುಟ್ಟೂದಿಲ್ಲ' ಅಂದೆ. ದೊಡ್ಡ ಶೂರ ಆದೆ ಅಂತ ತಿಳದಿದ್ದೆ. ಎರಡನೇ ದಿನಕ್ಕ ಕೈ ನಡಗಾಕ ಹತ್ತಿದುವು. ಚಹಾ ಬಶಿನ್ಯಾಗಿಂದ ತುಟೀಗೆ ಬರೂದರೊಳಗ ಅಂಗಿಗೆ ಬರ್ತಿತ್ತು. ಬೆವರು, ವಾಂತಿ, ಗ್ವಾಡಿ ಮ್ಯಾಲೆ ಇಲ್ಲದ ಇರಿವಿ ಸಾಲು ಕಾಣೂದು. ಜೋಯಿಡಾದಾಂವ ನೋಡಿ ಹೆದರಿದ. ಅವನ ನಿದ್ದೀನ ಹಾರಿತು ಅಂದ್ರ ನನ್ನ ಸ್ಥಿತಿ ತಿಳಕೋರಿ. ಅವನೇ ನನ್ನನ್ನ ಹೊತ್ತುಕೊಂಡು ದವಾಖಾನಿಗೆ ಒಯ್ದ, ಚಾಚಾ ಚಿಂದೀ ಗಂಟು ಹಿಡಕೊಂಡು ಹಿಂದ ಓಡಿ ಬಂದ್ರು.

ಡಾಕ್ಟರು ಮೇಜಿನ ಮ್ಯಾಲೆ ಗಂಟು ಬಿಚ್ಚಿ ನೋಡಿದ್ರು. ಮೊದಲ ಒಂದು ಗುಳಿಗಿ ನುಂಗಿಸಿದ್ರು, ನಡುಗೂದು ಇಳೀಲಿ ಅಂತ. ಆಮ್ಯಾಲೆ ಬೈದ್ರು ನೋಡ್ರಿ. ಬೈಗಳ ಬಿಟ್ಟು ಉಳದದ್ದನ್ನ ನಾನು ಇವತ್ತಿಗೂ ಮರತಿಲ್ಲ.

"ಕೆಂಪು ನೀರು ಬ್ರೋಮೈಡ್. ಹಳೇ ಔಷಧ. ಮೈಯಾಗಿಂದ ಲಗೂನ ಹೋಗೂದಿಲ್ಲ, ಕೂಡಿ ಕೂಡಿ ಮನಿಷಾನ್ನ ಮಬ್ಬು ಮಾಡ್ತೈತಿ. ಬಿಳೀದು ನಿದ್ದಿಗೆ ಜೋರು, ಆದ್ರ ಇವತ್ತು ಒಂದು ಕೇಳಿದ ಮೈ ತಿಂಗಳಿಗೆ ಎರಡು ಕೇಳ್ತೈತಿ. ಹೆಚ್ಚಾದ್ರ ಉಸಿರು ನಿಂತೀತು, ಒಮ್ಮೆಲೆ ಬಿಟ್ರ ಫಿಟ್ಸ್ ಬಂದೀತು. ನೀನು ಎರಡನೇದರ ಬಾಗಲಕ್ಕ ಹೋಗಿದ್ದಿ. ಈ ಬಣ್ಣದ್ದು ಹೊಸದು. ಹೆದರಿಕೀಗೆ ಚಲೋ, ಬಿಳೀದಕ್ಕಿಂತ ಅಪಾಯ ಕಡಿಮಿ. ಚಟಾ ಹತ್ತೂದಿಲ್ಲ ಅಂತ ಯಾರರ ಹೇಳಿದ್ರ ನಾನು ನಂಬೂದಿಲ್ಲ, ಇನ್ನೂ ನೋಡಬೇಕು. ಮತ್ತ ಎರಡೂ ಕೂಡಿಸಿ ತಿನ್ನಾಕ ನಿನಗ ಹೇಳಿದವ ಯಾವ ಡಾಕ್ಟರ್?"

ಚಾಚಾ ಟೊಪಗಿ ತಗದು ಕೈಯಾಗ ಹಿಡಕೊಂಡ್ರು. "ನಾನ ಡಾಕ್ಟರ್ ಸಾಬ್. ಮಶಿನಿಂದು ಗೊತ್ತೈತಿ, ಮನಿಷಾಂದು ಗೊತ್ತಿದ್ದಿಲ್ಲ."

"ಹಂಗಾರ ಮಶಿನಿನ ಕೆಲಸಾ ಕೊಡ್ತೇನಿ ತಗೋರಿ," ಅಂದ್ರು ಡಾಕ್ಟರು. ಬಣ್ಣದವನ್ನ ತಮ್ಮ ಮೇಜಿನ ಖಣಕ್ಕ ಹಾಕಿ ಬೀಗಾ ಹಾಕಿದ್ರು. ಬಿಳೀವನ್ನ ಚಾಚಾನ ಕೈಗೆ ಕೊಟ್ರು. ಎರಡರಿಂದ ಒಂದೂಮುಕ್ಕಾಲು, ಒಂದು ವಾರದ ಮ್ಯಾಲೆ ಒಂದೂವರಿ, ಹಿಂಗ ಇಳಿಸಿಕೋತ ಬರಬೇಕು. ವಾರಕ್ಕೊಮ್ಮೆ ಬಂದು ತೋರಸಬೇಕು. ಇಳಸೂದು ಮುಗಿಯೂ ತನಕಾ ನಾನು ಮಶಿನಿನ ಹತ್ತರ ಹೋಗಬಾರದು, ಕಾಗದದ ಗೋದಾಮದಾಗ ಕಟ್ಟು ಕಟ್ಟಬೇಕು ಅಂತ ಚೀಟಿ ಬರದ್ರು.

ಗುಳಿಗಿ ಸಾಬೂದಾಣಿ ಅಷ್ಟ. ಅದನ್ನ ಪಾವು ಭಾಗ ಮಾಡೂದು ಹೆಂಗ? ಬ್ಯಾರೆ ಯಾರಿಗೆ ಹೇಳಿದ್ರೂ ಹಲ್ಲಿಲೆ ಕಡೀತಿದ್ರು. ಚಾಚಾ ಫಿಟ್ಟರ್. ದಿನಾ ಪಾಳಿ ಮುಗಿಸಿ ಬಂದು, ಕೈ ತೊಳದು, ಹೊರಸಿನ ಮ್ಯಾಲೆ ಬಿಳಿ ಅರಿವಿ ಹಾಸಿ, ಕನ್ನಡಕ ಏರಿಸಿ ಕುಂದ್ರಾವ್ರು. ಹಿತ್ತಾಳಿ ಕ್ಯಾಲಿಪರ್ ಇಟ್ಟು ಗುಳಿಗಿ ಅಗಲಾ ಅಳಿಯಾವ್ರು. ಪೆನ್ಸಿಲಿಲೆ ನಡುವ ಗೆರಿ. ಹೊಸಾ ಬ್ಲೇಡಿಲೆ ಟಕ್. ತುಂಡು ಎರಡೂ ಸರಿ ಅದಾವೋ ಇಲ್ಲೋ ಮತ್ತ ಅಳಿಯಾವ್ರು. ಒಂದು ಕೂದಲಷ್ಟು ಹೆಚ್ಚಾಗಿದ್ರ ಸಣ್ಣ ಅರದಿಂದ ಎರಡು ಸಲಾ ತಿಕ್ಕಿ ಸರಿ ಮಾಡಾವ್ರು.

"ಚಾಚಾ, ಇದೇನು ಬೇರಿಂಗೇನು? ಕೊಡ್ರಿ ಲಗೂ."

"ಸುಮ್ಮ ಕುಂದ್ರು. ಬೇರಿಂಗು ಕೆಟ್ರ ಇನ್ನೊಂದು ತರಬಹುದು."

ಮೊದಲ ಮೂರು ವಾರ ನಾನು ಅವರಿಗೆ ಕೊಟ್ಟ ತ್ರಾಸು ಎಷ್ಟಂತ ಬರೀಲಿ. ಕಾಲು ಹಿಡದೆ, ಬೈದೆ, ಅವರ ಹೆಂಡತಿ ಮಕ್ಕಳ ಆಣಿ ಹಾಕಿದೆ. ಒಂದಿನ, "ಅರದಿಂದ ತಿಕ್ಕಿದ ಪುಡಿನಾದ್ರೂ ಕೊಡ್ರಿ," ಅಂದೆ. ಅವರು ಆ ಪುಡಿ ನನ್ನ ಎದುರಿಗೇ ಉಫ್ ಅಂತ ಊದಿದ್ರು. ಆಮ್ಯಾಲೆ ಇಬ್ಬರೂ ನಕ್ವಿ. ಎಷ್ಟೋ ದಿನದ ಮ್ಯಾಲೆ ನಾನು ನಕ್ಕಿದ್ದು ಅದು, ಬಣ್ಣದ ಗುಳಿಗಿ ಇಲ್ಲದ.

ನಿದ್ದಿ ಒಮ್ಮೆಲೆ ಬರಲಿಲ್ಲ. ಒಂದು ತಾಸು, ಎರಡು ತಾಸು, ಕಳ್ಳನಂಗ ಬಂದು ಹೋಗ್ತಿತ್ತು. ಗೋದಾಮದಾಗ ಕಟ್ಟು ಹೊತ್ತು ಹೊತ್ತು ಮೈ ಸೋಲ್ತಿತ್ತು, ಅದೂ ಕೈ ಹಿಡೀತು. ಪಾವಿಗೆ ಬಂದ್ವಿ. ಪಾವಿನ ಅರ್ಧಕ್ಕ ಬಂದ್ವಿ. ಅದನ್ನ ಕತ್ತರಸೂ ದಿನಾ ಚಾಚಾನ ಕೈ ನಡುಗಿದ್ದು ನೋಡಿದೆ, ನನ್ನವು ಗಟ್ಟಿ ಇದ್ದುವು. ಆಮ್ಯಾಲೆ ಡಾಕ್ಟರು ನನ್ನ ಎರಡೂ ಕೈ ಮುಂದ ಚಾಚಿಸಿ, ಬೆರಳ ಮ್ಯಾಲೆ ಒಂದು ಕಾಗದಾ ಇಟ್ಟು ನೋಡಿದ್ರು. ಕಾಗದಾ ಅಲುಗಲಿಲ್ಲ. "ಹೋಗು ಮಶಿನಿಗೆ," ಅಂದ್ರು.

ಹೋಳಿಹುಣ್ಣಿವಿಗೆ ಇನ್ನು ಒಂಬತ್ತು ದಿನ ಇತ್ತು. ಸಾಹೇಬ್ರು ಬಂದ್ರು. ನನ್ನನ್ನ ನೋಡಿದ ಕೂಡ್ಲೆ, "ಓ, ಕಾಗದಾ ಎಲ್ಲಿಗೆ ಹೊಂಟೈತಿ ಅನ್ನಾಂವ ಇವನೇನು?" ಅಂದ್ರು. ಎದಿ ಅಂಗಿ ಗುಂಡೀ ಕಿತ್ತು ಹೊರಗ ಬರೂವಂಗ ಬಡಕೊಳ್ತಿತ್ತು. ಎಂಟು ಎಮ್ಮಿ ಸಾಲಾಗಿ ಕಣ್ಣಮುಂದ ನಿಂತಿದ್ದುವು. ಹಾಳಿ ಹರೀತು. ಮುಂದ ಏನಾತು ನನಗ ಗೊತ್ತಿಲ್ಲ, ಕೈ ತಾನ ಹೋದುವು. ತುದಿ ಹಿಡದೆ, ಸಂದಿಗೆ ಕೊಟ್ಟೆ, ಬಿಟ್ಟೆ. ಕಾಗದ ಓಡಿತು. ಕೆಳಗ ಬಿದ್ದದ್ದು ಒಂದು ಧೋತರದಷ್ಟೂ ಇರಲಿಲ್ಲ. ಹತ್ತೂ ಬೆರಳು ಎಣಿಸಿಕೊಂಡೆ.

"ಹೆದರಿಕಿ ಆತೇನು?" ಅಂದ್ರು ಸಾಹೇಬ್ರು.

"ಭಾಳ ಆತ್ರಿ."

"ಆಗಬೇಕು," ಅಂದು ಫೋರ್ಮನ್ ಕಡೆ ಹೊಳ್ಳಿ, "ಇವನ ಹೆಸರು ಬರೀರಿ," ಅಂದ್ರು.

ಖಾಯಂ ಆದ ಕಾಗದಾ ಎರಡು ಮಡಿಕಿ ಮಾಡಿ, ಟೊಪಗಿ ಒಳಗ ಇಟ್ಟುಕೊಂಡು, ಮುಂಡಗೋಡದಾಗ ಬಸ್ಸು ಬದಲಿಸಿ, ಮಾವನವರ ಊರಿಗೆ ಹೋದಾಗ ಮಧ್ಯಾಹ್ನ ಆಗಿತ್ತು. ಅವರಿಗೆ ಓದಾಕ ಬರ್ತಿದ್ದಿಲ್ಲ. ಕಾಗದಾ ಮ್ಯಾಲೆ ಕೆಳಗ ಮಾಡಿ ನೋಡಿದ್ರು, ಮೂಸಿ ನೋಡಿದ್ರು, "ನಿಮ್ಮ ಮಿಲ್ಲಿಂದ ಏನ್ರಿ ಈ ಕಾಗದಾ?" ಅಂದ್ರು. "ಹೌದ್ರಿ," ಅಂದೆ. "ದಪ್ಪ ಐತಿ, ಚಲೋ ಐತಿ," ಅಂತ ದೇವರ ಜಗಲಿ ಮ್ಯಾಲೆ ಇಟ್ರು. ನಾಕೂವರಿ ಬಸ್ಸಿಗೆ ಮಗಳನ್ನ ಕಳಸ್ತೇನಿ ಅಂದ್ರು. ಕಡಬು ತುಪ್ಪ ಉಣಿಸಿದ್ರು. ಆಮ್ಯಾಲೆ ಪಡಸಾಲಿನ್ಯಾಗ ನನ್ನ ಎದುರು ಕುಂತು, ಎಂಟು ಎಮ್ಮಿ ಒಂದೊಂದರ ಗುಣಾ ಹೇಳಾಕ ಸುರು ಮಾಡಿದ್ರು. ಮೂರನೇ ಎಮ್ಮಿ ತನಕಾ ನಾನು ಹ್ಞೂಂ ಅಂದದ್ದು ನೆನಪೈತಿ.

ಕಣ್ಣು ತಗದಾಗ ಗ್ವಾಡಿ ಮ್ಯಾಲಿನ ಬಿಸಲು ಕೆಂಪಾಗಿತ್ತು. ನನ್ನ ತಲಿ ಕೆಳಗ ದಿಂಬು ಬಂದಿತ್ತು, ಮೈಮ್ಯಾಲೆ ಹೊದಿಕಿ. ಎದುರಿಗೆ ತಗಡಿನ ಟ್ರಂಕು. ಟ್ರಂಕಿನ ಮ್ಯಾಲೆ ಹೆಂಡತಿ ಕುಂತಿದ್ದಳು, ಪೂರಾ ಮುಖಾ ಕಾಣೂವಂಗ.

ಧಡಕ್ಕನ ಎದ್ದೆ. "ಬಸ್ಸು?"

"ಹೋಗಿ ಒಂದು ತಾಸಾತು."

"ಮತ್ತ ಎಬ್ಬಸಬಾರದ?"

"ಅಪ್ಪ ಬ್ಯಾಡ ಅಂದ್ರು. ಎಷ್ಟು ದಿನದ ನಿದ್ದಿ ಬಾಕಿ ಐತೋ, ಮಲಗಲಿ ಅಂದ್ರು. ನಾಳೆ ಮುಂಜಾನೆ ಬಸ್ಸೈತಿ."

ನಾನು ಟೊಪಗಿ ಹುಡುಕಿದೆ. ಆಕಿ ಟೊಪಗಿ ಎತ್ತಿ ಕೊಟ್ಟು, ಸೆರಗು ಬಾಯಿಗೆ ಹಿಡಕೊಂಡು, ಒಂಬತ್ತು ತಿಂಗಳ ಮ್ಯಾಲೆ ಇನ್ನೂ ಎಷ್ಟೋ ತಿಂಗಳು ಕೂಡಿದ ಮ್ಯಾಲೆ ನನ್ನ ಜೋಡಿ ಮೊದಲನೇ ಸಲ ತಾನಾಗಿ ಒಂದು ಮಾತಾಡಿದಳು:

"ಎಷ್ಟು ಗೊರಕಿ ಹೊಡೀತೀರಿ! ಎಮ್ಮಿ ಎದ್ದು ನಿಂತುವು. ಇದನ್ನ ಮದಿವಿ ಮಾತು ಆಡೂವಾಗ ಯಾರೂ ಹೇಳಿದ್ದಿಲ್ಲ ನಮಗ."